ಜನರೇಟರ್ ಓಡುವಾಗ ನ್ಯೂಟ್ರಲ್‌ನಲ್ಲೂ ಟೆಸ್ಟರ್ ಉರಿಯುತ್ತದೆ, ಸೋರಿಕೆ ಕಂಡರೆ ಕಡಿಯಬೇಕಾದ ಆರ್‌ಸಿಸಿಬಿ ಬೀಳುವುದಿಲ್ಲ. ವೈರಿಂಗ್ ಸರಿ ಇದೆಯಾ?

ಗಾಳಿಬೀಡು ತೋಟ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಗಾಳಿಬೀಡು ಕಡೆ, ರಸ್ತೆಯಿಂದ ಒಂದೂವರೆ ಕಿಲೋಮೀಟರ್ ಒಳಗೆ, ತೋಟದ ಮಧ್ಯೆ. ಲೈನ್ ಬರುವುದು ಪೂರ್ತಿ ಸಿಲ್ವರ್ ಮರಗಳ ನಡುವೆಯೇ. ಹೋದ ವರ್ಷ ಜುಲೈನಲ್ಲಿ ಮರ ಬಿದ್ದು ಎರಡು ಕಂಬ ಮುರಿದವು, ಆರು ದಿನ ಕರೆಂಟ್ ಇರಲಿಲ್ಲ. ಯುಪಿಎಸ್ ಮೊದಲ ರಾತ್ರಿಯೇ ಕೈಕೊಟ್ಟಿತು. ಅಮ್ಮನ ಇನ್ಸುಲಿನ್ ಫ್ರಿಜ್‌ನಲ್ಲೇ ಇರಬೇಕು, ಅದನ್ನು ಆರು ದಿನ ತಣ್ಣೀರಿನ ಮಡಕೆಯಲ್ಲಿ ಇಟ್ಟು ಕಾಪಾಡಿದ ಕಷ್ಟ ನನಗೇ ಗೊತ್ತು. ಅದಕ್ಕೇ ಈ ಸಲ ಮಳೆ ಹಿಡಿಯುವ ಮೊದಲೇ 3 ಕೆವಿಎ ಪೆಟ್ರೋಲ್ ಜನರೇಟರ್ ತಂದೆ.

ನಮ್ಮೂರ ವೈರಿಂಗ್ ಹುಡುಗ ಮೀಟರ್ ಬೋರ್ಡ್ ಪಕ್ಕದಲ್ಲಿ 2 ಪೋಲ್ ಚೇಂಜ್‌ಓವರ್ ಸ್ವಿಚ್ ಹಾಕಿದ್ದಾನೆ. ಮೇಲೆ ಮಾಡಿದರೆ ಲೈನ್, ಮಧ್ಯೆ ಆಫ್, ಕೆಳಗೆ ಮಾಡಿದರೆ ಜನರೇಟರ್. ಅಲ್ಲಿಂದ ಮುಂದೆ ಡಿಬಿ, ಅಂದರೆ ಮನೆಗೆ ಕರೆಂಟ್ ಹಂಚುವ ಬೋರ್ಡ್, ಡಿಬಿಯಲ್ಲಿ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಹೋದ ಕರೆಂಟಿಗೂ ವಾಪಸ್ ಬಂದದ್ದಕ್ಕೂ ಅಷ್ಟು ವ್ಯತ್ಯಾಸ ಬಂದರೆ ಬೀಳುತ್ತದೆ), ಆಮೇಲೆ ಎಂಸಿಬಿಗಳು (ಹೆಚ್ಚು ಕರೆಂಟ್ ಹರಿದರೆ ಬೀಳುವ ಸ್ವಿಚ್‌ಗಳು). ಲೈನ್ ಕರೆಂಟಿನಲ್ಲಿ ಎಲ್ಲ ಸರಿ ಇದೆ. ಜನರೇಟರ್‌ಗೆ ಹಾಕಿದಾಗ ಮಾತ್ರ ಸಾಕೆಟ್‌ನ ಎರಡೂ ತೂತಿನಲ್ಲಿ ಟೆಸ್ಟರ್ ಉರಿಯುತ್ತದೆ. ಮೀಟರ್ ಹಿಡಿದು ನೋಡಿದೆ: ಫೇಸ್‌ಗೂ ನ್ಯೂಟ್ರಲ್‌ಗೂ 228 ವೋಲ್ಟ್, ಆದರೆ ಫೇಸ್‌ಗೂ ಅರ್ತ್‌ಗೂ 115, ನ್ಯೂಟ್ರಲ್‌ಗೂ ಅರ್ತ್‌ಗೂ 113. ಹುಡುಗ ಬಲ್ಬ್ ಹೋಲ್ಡರ್ ಹಿಡಿದು ಫೇಸ್‌ಗೂ ಅರ್ತ್‌ಗೂ ಕೊಟ್ಟ. ಬಲ್ಬ್ ಹತ್ತಲೇ ಇಲ್ಲ, ಆರ್‌ಸಿಸಿಬಿಯೂ ಬೀಳಲಿಲ್ಲ. ಲೈನ್ ಕರೆಂಟಿನಲ್ಲಿ ಹಾಗೆ ಮಾಡಿದರೆ ಆ ಕ್ಷಣವೇ ಬೀಳುತ್ತದೆ.

ಈಗ ಮೂರು ಜನ ಮೂರು ಮಾತು ಹೇಳುತ್ತಿದ್ದಾರೆ. ಅಂಗಡಿಯವರು, "ಚಿಕ್ಕ ಜನರೇಟರ್ ಎಲ್ಲ ಹಾಗೇ ಇರೋದು, ನ್ಯೂಟ್ರಲ್ ತೇಲ್ತಾ ಇರುತ್ತೆ, ಅದೇ ಸೇಫ್, ಮುಟ್ಟಬೇಡಿ" ಅಂತಾರೆ. ಹುಡುಗ, "ಡಿಬಿಯಲ್ಲಿ ನ್ಯೂಟ್ರಲ್ ಮತ್ತು ಅರ್ತ್ ಸೇರಿಸಿ ಬಿಡೋಣ ಅಣ್ಣ, ಟೆಸ್ಟರ್ ಉರಿಯೋದು ನಿಲ್ಲುತ್ತೆ" ಅಂತಾನೆ. ಪಕ್ಕದ ತೋಟದಲ್ಲಿರುವ ನಮ್ಮ ಭಾವ ಚೇಂಜ್‌ಓವರೇ ದಂಡ ಅಂತಾರೆ. ಅವರು ಎರಡೂ ತುದಿಗೆ ಪ್ಲಗ್ ಹಾಕಿದ ಒಂದು ವೈರ್ ಮಾಡಿಸಿಕೊಂಡಿದ್ದಾರೆ, ಮೇನ್ ಸ್ವಿಚ್ ಇಳಿಸಿ ಅದನ್ನು ಅಡುಗೆಮನೆಯ 16 ಆಂಪ್ ಸಾಕೆಟ್‌ಗೆ ಚುಚ್ಚುತ್ತಾರೆ, ನಾಲ್ಕು ವರ್ಷದಿಂದ ಹೀಗೇ ನಡೆದಿದೆ.

ನನಗೆ ಸರಿಯಾದದ್ದು ಯಾವುದು, ನಿಯಮ ಏನು ಹೇಳುತ್ತದೆ ಅಂತ ತಿಳಿಯಬೇಕು. ಜೊತೆಗೆ ಯುಪಿಎಸ್ ಇದರಲ್ಲಿ ಚಾರ್ಜ್ ಆಗುತ್ತದಾ? ಜನರೇಟರ್ ಎಲ್ಲಿ ಇಡುವುದು? ನಮ್ಮ ಮಳೆಯಲ್ಲಿ ಹೊರಗೆ ಇಡಲು ಭಯ, ಹಿಂದಿನ ಜಗಲಿಯಲ್ಲಿ ಇಡೋಣ ಅಂತ ಇದ್ದೇನೆ.


ಪೊನ್ನಂಪೇಟೆ ವೈರಿಂಗ್:

ಅಣ್ಣ, ನಾನು ಲೈಸೆನ್ಸ್ ಇರುವ ಗುತ್ತಿಗೆದಾರರ ಕೈಕೆಳಗೆ ಹದಿನೆಂಟು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಹುಡುಗ ಅರ್ಧ ಕೆಲಸ ಚೆನ್ನಾಗಿಯೇ ಮಾಡಿದ್ದಾನೆ. 2 ಪೋಲ್ ಚೇಂಜ್‌ಓವರ್, ಮಧ್ಯೆ ಆಫ್, ಅದರ ಮುಂದೆ ಆರ್‌ಸಿಸಿಬಿ, ಇದು ಸರಿಯಾದ ಸಾಲು. ಎಷ್ಟೋ ಮನೆಗಳಲ್ಲಿ ಆರ್‌ಸಿಸಿಬಿಯನ್ನು ಮೀಟರ್ ಹತ್ತಿರವೇ ಹಾಕಿ ಚೇಂಜ್‌ಓವರನ್ನು ಅದರ ಮುಂದೆ ಹಾಕುತ್ತಾರೆ, ಆಗ ಜನರೇಟರ್‌ನಲ್ಲಿ ಓಡುವಾಗ ಮನೆಗೆ ಆರ್‌ಸಿಸಿಬಿಯೇ ಇಲ್ಲದ ಹಾಗೆ.

ಬಿಟ್ಟುಹೋಗಿರುವುದು ಒಂದೇ ಕೊಂಡಿ. ಯೋಚನೆ ಮಾಡಿ, ಲೈನ್ ಕರೆಂಟಿನಲ್ಲಿ ನ್ಯೂಟ್ರಲ್‌ನಲ್ಲಿ ಟೆಸ್ಟರ್ ಯಾಕೆ ಉರಿಯುವುದಿಲ್ಲ? ಟಿಸಿ (ಊರಿನ ಟ್ರಾನ್ಸ್‌ಫಾರ್ಮರ್) ಹತ್ತಿರ ನ್ಯೂಟ್ರಲನ್ನು ಭೂಮಿಗೆ ಕಟ್ಟಿರುತ್ತಾರೆ, ಅದಕ್ಕೆ. ನೀವು ಚೇಂಜ್‌ಓವರ್ ಕೆಳಗೆ ಹಾಕಿದ ಕೂಡಲೇ ಫೇಸೂ ನ್ಯೂಟ್ರಲ್ಲೂ ಎರಡೂ ಟಿಸಿಯಿಂದ ಕಡಿದುಹೋಗುತ್ತವೆ. ಕಡಿಯಲೇಬೇಕು, ಅದಕ್ಕೇ 2 ಪೋಲ್ ಹಾಕುವುದು. ಆದರೆ ಈಗ ಜನರೇಟರೇ ನಿಮ್ಮ ಟಿಸಿ. ಅದರ ನ್ಯೂಟ್ರಲನ್ನು ಯಾರೂ ಭೂಮಿಗೆ ಕಟ್ಟಿಲ್ಲ. ಅದಕ್ಕೇ ಅರ್ಧ ಅರ್ಧ ವೋಲ್ಟೇಜ್ ಕಾಣಿಸುತ್ತಿದೆ. ಬಲ್ಬ್ ಹತ್ತದಿದ್ದದ್ದೂ ಅದಕ್ಕೇ, ಕರೆಂಟಿಗೆ ವಾಪಸ್ ಹೋಗುವ ದಾರಿ ಇಲ್ಲ.

ತೇಲುವ ನ್ಯೂಟ್ರಲ್ ಸೇಫ್ ಅನ್ನುವುದು ಒಂದು ಜನರೇಟರ್, ಒಂದು ಡ್ರಿಲ್ ಮೆಷಿನ್, ಹೊಲದಲ್ಲಿ ಕೆಲಸ ಅಂದರೆ ಒಪ್ಪುವ ಮಾತು. ಇಡೀ ಮನೆಗೆ ಆ ಮಾತು ಹಾಕಬೇಡಿ. ಮನೆಯಲ್ಲಿ ಹತ್ತು ಸಾಮಾನು, ನೂರಾರು ಮೀಟರ್ ವೈರ್, ಒದ್ದೆ ಗೋಡೆ. ಹೇಗೆ ಕೆಡುತ್ತದೆ ಹೇಳುತ್ತೇನೆ. ಫ್ರಿಜ್ ಒಳಗೆ ಫೇಸ್ ವೈರ್ ಬಾಡಿಗೆ ತಾಗಿತು ಅಂತಿಟ್ಟುಕೊಳ್ಳಿ. ಏನೂ ಆಗುವುದಿಲ್ಲ, ಆರ್‌ಸಿಸಿಬಿ ಬೀಳುವುದಿಲ್ಲ, ನಿಮಗೆ ಗೊತ್ತೇ ಆಗುವುದಿಲ್ಲ. ಆದರೆ ಆ ಕ್ಷಣದಿಂದ ನಿಮ್ಮ ನ್ಯೂಟ್ರಲ್ ಭೂಮಿಗಿಂತ 230 ವೋಲ್ಟ್ ಮೇಲೆ ನಿಂತಿರುತ್ತದೆ. ಈಗ ಯಾರೋ ಬಲ್ಬ್ ಬದಲಿಸುವಾಗ ನ್ಯೂಟ್ರಲ್‌ಗೆ ಕೈ ತಾಗಿದರೆ ಕರೆಂಟ್ ಅವರ ಮೈಯಿಂದ ಭೂಮಿಗೆ, ಅಲ್ಲಿಂದ ಫ್ರಿಜ್ ಬಾಡಿಗೆ, ಅಲ್ಲಿಂದ ಫೇಸ್‌ಗೆ ಹೋಗಿ ಸೇರುತ್ತದೆ. ಈ ಸುತ್ತು ಪೂರ್ತಿ ಆರ್‌ಸಿಸಿಬಿಯ ಈಚೆ, ಮನೆಯ ಕಡೆಯೇ ನಡೆಯುತ್ತದೆ, ಅದರ ಲೆಕ್ಕಕ್ಕೆ ಹೋದಷ್ಟೇ ಬಂದಿದೆ. ಅದು ಬೀಳುವುದಿಲ್ಲ.

ಇನ್ನು ಡಿಬಿಯಲ್ಲಿ ನ್ಯೂಟ್ರಲ್, ಅರ್ತ್ ಸೇರಿಸುವ ಮಾತು. ದಯವಿಟ್ಟು ಮಾಡಬೇಡಿ. ಲೈನ್ ಕರೆಂಟ್ ಬಂದಾಗಲೂ ಆ ಕೊಂಡಿ ಹಾಗೇ ಇರುತ್ತದೆ ಅಲ್ವಾ? ಆರ್‌ಸಿಸಿಬಿಯ ಈಚೆ ಸೇರಿಸಿದರೆ ಅದು ನಿಲ್ಲುವುದೇ ಇಲ್ಲ, ಬೀಳುತ್ತಲೇ ಇರುತ್ತದೆ. ಆಮೇಲೆ ಯಾರೋ ಬಂದು "ಆರ್‌ಸಿಸಿಬಿ ಕೆಟ್ಟಿದೆ" ಅಂತ ಕಿತ್ತು ಹಾಕುತ್ತಾರೆ, ಅಲ್ಲಿಗೆ ಮನೆಯ ರಕ್ಷಣೆ ಹೋಯಿತು. ಆಚೆ ಸೇರಿಸಿದರೆ ಊರಿನ ನ್ಯೂಟ್ರಲ್ ಕರೆಂಟ್ ನಿಮ್ಮ ಅರ್ತ್ ಗುಂಡಿಯಲ್ಲಿ ಇಳಿಯಲು ಶುರುವಾಗುತ್ತದೆ. ಗಾಳಿಗೆ ಲೈನಿನ ನ್ಯೂಟ್ರಲ್ ತುಂಡಾದ ದಿನ ನಿಮ್ಮ ಗೀಸರ್, ಫ್ರಿಜ್ ಬಾಡಿಗಳೆಲ್ಲ ಕರೆಂಟ್ ಹೊಡೆಯುತ್ತವೆ.

ಕೊಂಡಿ ಬೀಳಬೇಕಾದ ಜಾಗ ಚೇಂಜ್‌ಓವರ್‌ನ ಜನರೇಟರ್ ಕಡೆ. ನಾನು ಮಾಡುವುದು ಹೀಗೆ. ಜನರೇಟರ್ ಇಡುವ ಕಡೆ ಗೋಡೆಗೆ ಮಳೆ ಹೊಡೆಯದ ಒಂದು ಬಾಕ್ಸ್, ಅದರಲ್ಲಿ ಇಂಡಸ್ಟ್ರಿಯಲ್ ಇನ್‌ಲೆಟ್, ಪಿನ್ ಒಳಗೆ ಇರುವಂಥದ್ದು. ಆ ಬಾಕ್ಸಿನಲ್ಲೇ ನ್ಯೂಟ್ರಲ್‌ನಿಂದ ಅರ್ತ್‌ಗೆ 4 ಸ್ಕ್ವೇರ್ (4 ಚದರ ಮಿಲಿಮೀಟರ್) ತಾಮ್ರದ ವೈರ್ ತುಂಡು. ಬಾಕ್ಸಿನಿಂದ ಚೇಂಜ್‌ಓವರ್‌ವರೆಗೆ 4 ಸ್ಕ್ವೇರ್ 3 ಕೋರ್ ಕೇಬಲ್. ಮೂರನೇ ಕೋರ್ ಮನೆಯ ಅರ್ತ್ ಬಾರ್‌ಗೆ ಹೋಗಬೇಕು, ಅದನ್ನು ಉಳಿಸಲು ಹೋಗಬೇಡಿ. ಮನೆಯಲ್ಲಿ ಲೀಕ್ ಆದ ಕರೆಂಟ್ ತಿರುಗಿ ಜನರೇಟರ್‌ಗೆ ಬರುವುದು ಆ ತಂತಿಯ ಮೇಲೇ. ನೀವು 25 ಮೀಟರ್ ದೂರ ಇಟ್ಟರೂ 4 ಸ್ಕ್ವೇರಿನಲ್ಲಿ 13 ಆಂಪಿಗೆ ಸುಮಾರು 3 ವೋಲ್ಟ್ ಮಾತ್ರ ಇಳಿಯುತ್ತದೆ, ಅದಕ್ಕೆ ದೂರ ಇಡಲು ಹಿಂಜರಿಯಬೇಡಿ.

ಒಂದು ವಿಷಯ ಮೊದಲು ನೋಡಿಕೊಳ್ಳಿ. ಕೆಲವು ಜನರೇಟರ್‌ಗಳಲ್ಲಿ ಈ ಕೊಂಡಿ ಒಳಗೇ ಇರುತ್ತದೆ. ಜನರೇಟರ್ ನಿಲ್ಲಿಸಿ, ಏನೂ ಚುಚ್ಚದೆ, ಅದರ ಸಾಕೆಟ್‌ನ ನ್ಯೂಟ್ರಲ್‌ಗೂ ಅರ್ತ್ ಪಿನ್‌ಗೂ ಮೀಟರಿನ ಬೀಪ್ ಹಿಡಿಯಿರಿ. ಬೀಪ್ ಬಂದರೆ ಇನ್ನೊಂದು ಕೊಂಡಿ ಹಾಕಬಾರದು. ನಿಮ್ಮ ಅಳತೆ ನೋಡಿದರೆ ಇಲ್ಲ ಅಂತಲೇ ಕಾಣುತ್ತದೆ. ಕಂಪನಿಯ ಪುಸ್ತಕವನ್ನೂ ಓದಿ.

ಯುಪಿಎಸ್ ಚಾರ್ಜ್ ಆಗುತ್ತದೆ, ಹಿಂದೆ ಸ್ವಿಚ್ ಇದ್ದರೆ ಯುಪಿಎಸ್ ಮೋಡ್‌ನಿಂದ ಇನ್ವರ್ಟರ್ ಮೋಡ್‌ಗೆ ಹಾಕಿ, ಜನರೇಟರಿನ ಏರಿಳಿತ ತಡೆದುಕೊಳ್ಳುತ್ತದೆ. ಯುಪಿಎಸ್ ಲೈಟುಗಳ ನ್ಯೂಟ್ರಲ್ ಬೇರೆ ಬಂದಿದೆಯಾ ನೋಡಿಸಿ, ಡಿಬಿಯ ನ್ಯೂಟ್ರಲ್ ಜೊತೆ ಕಲಸಿದ್ದರೆ ಆರ್‌ಸಿಸಿಬಿ ಸುಮ್ಮಸುಮ್ಮನೆ ಬೀಳುತ್ತದೆ.


ಶನಿವಾರಸಂತೆ ಹಳೇ ಲೈನ್‌ಮನ್:

ಮೇಲಿನವರು ವೈರಿಂಗ್ ಚೆನ್ನಾಗಿ ಹೇಳಿದ್ದಾರೆ. ನಾನು ನಿಮ್ಮ ಭಾವನ ಆ ವೈರ್ ಬಗ್ಗೆ ಮಾತ್ರ ಬರೆಯುತ್ತೇನೆ. ಮೂವತ್ತು ವರ್ಷ ಕಂಬ ಹತ್ತಿದವನು ನಾನು.

ಟಿಸಿ ಅನ್ನುವುದು ಒಂದೇ ಕಡೆಗೆ ಓಡುವ ವಸ್ತು ಅಲ್ಲ. ಮೇಲಿನಿಂದ 11 ಸಾವಿರ ವೋಲ್ಟ್ ಬಂದರೆ ಕೆಳಗೆ ಮನೆಗೆ 230 ಕೊಡುತ್ತದೆ. ಕೆಳಗಿನಿಂದ ನೀವು 230 ಕೊಟ್ಟರೆ ಮೇಲೆ 11 ಸಾವಿರ ಕೊಡುತ್ತದೆ. ಅದಕ್ಕೆ ಕರೆಂಟ್ ಯಾರು ಕೊಟ್ಟರು ಅನ್ನುವುದು ಗೊತ್ತಿಲ್ಲ. ನಾಲ್ಕು ವರ್ಷ ನಡೆದಿದೆ ಅನ್ನುತ್ತೀರಿ. ಆ ನಾಲ್ಕು ವರ್ಷ ಮೇನ್ ಸ್ವಿಚ್ ಇಳಿಸಲು ಒಮ್ಮೆಯೂ ಮರೆಯಲಿಲ್ಲ, ಅಷ್ಟೇ. ರಾತ್ರಿ ಒಂದು ಗಂಟೆಗೆ, ಮಳೆಯಲ್ಲಿ, ಬ್ಯಾಟರಿ ಹಿಡಿದುಕೊಂಡು ಹೋಗುವಾಗ ಒಂದು ಸಲ ಮರೆತರೆ ಸಾಕು. ಅಥವಾ ಅವರು ಊರಿಗೆ ಹೋದ ದಿನ ಮನೆಯಲ್ಲಿ ಇನ್ನೊಬ್ಬರು ಹಾಕಿದರೆ ಸಾಕು.

"ಇಡೀ ಊರಿನ ಲೋಡ್ ಬಿದ್ದರೆ ಜನರೇಟರ್ ತಾನೇ ನಿಂತುಹೋಗುತ್ತೆ" ಅಂತ ಹೇಳುವವರಿದ್ದಾರೆ. ನಮ್ಮ ಕಡೆ ಆ ಮಾತು ನಂಬಬೇಡಿ. ಮರ ಬಿದ್ದು ನಿಮ್ಮ ಮನೆಯಿಂದ ನಾಲ್ಕು ಕಂಬ ಆಚೆ ತಂತಿ ತುಂಡಾಗಿದ್ದರೆ ಈಚೆ ಉಳಿಯುವುದು ಒಂದೆರಡು ಮನೆ ಮಾತ್ರ. ಜನರೇಟರ್ ಆರಾಮಾಗಿ ಓಡುತ್ತದೆ, ನಾವು ಕೈ ಹಾಕುವ ತಂತಿಯಲ್ಲಿ ಕರೆಂಟ್ ಇರುತ್ತದೆ.

ನಾವು ಲೈನ್ ಕ್ಲಿಯರ್ (ಕರೆಂಟ್ ತೆಗೆದಿದೆ ಅನ್ನುವ ಒಪ್ಪಿಗೆ) ತೆಗೆದುಕೊಂಡೇ ಹತ್ತುತ್ತೇವೆ. ಕೆಲಸ ಮಾಡುವ ಜಾಗದ ಎರಡೂ ಕಡೆ ಅರ್ತ್ ರಾಡ್ ಹಾಕಬೇಕು ಅನ್ನುವ ನಿಯಮವೂ ಇದೆ. ಆದರೆ ತೋಟದೊಳಗೆ, ಕೆಸರಿನಲ್ಲಿ, ಒಂದೇ ದಿನ ಹದಿನೈದು ಕಡೆ ಮರ ಬಿದ್ದಾಗ, ಎಲ್ಲರೂ ಫೋನ್ ಮೇಲೆ ಫೋನ್ ಮಾಡುವಾಗ, ಕಂಬದ ಮೇಲಿರುವ ಹುಡುಗ ಒಂದು ಹೆಜ್ಜೆ ತಪ್ಪಿದರೂ ಅವನ ಜೀವ ನಿಮ್ಮ ಮನೆಯ ಸ್ವಿಚ್ಚಿನ ಮೇಲೆ ನಿಂತಿರುತ್ತದೆ. 2 ಪೋಲ್ ಚೇಂಜ್‌ಓವರ್ ಇದ್ದರೆ ಮರೆತರೂ ಆಗುವುದಿಲ್ಲ, ಹಿಡಿ ಒಂದು ಕಡೆಗೆ ಮಾತ್ರ ಕೂರುತ್ತದೆ. ನನಗೆ ಅದರಲ್ಲಿ ಬೇರೆ ಮಾತೇ ಇಲ್ಲ.

ಮನೆಯವರಿಗೂ ಅದು ಅಪಾಯವೇ. ಜನರೇಟರ್ ಓಡುವಾಗ ಸಾಕೆಟ್‌ನಿಂದ ಆ ಪ್ಲಗ್ ಜಾರಿದರೆ ಹೊರಗೆ ಕಾಣುವ ಪಿನ್‌ನಲ್ಲೇ 230 ವೋಲ್ಟ್. ಮಗು ಇರುವ ಮನೆಯಾ ಅದು? ಇವತ್ತೇ ಹೋಗಿ ಹೇಳಿ.

ಇನ್ನೊಂದು, ಕೆಲವರು ದುಡ್ಡು ಉಳಿಸಲು ಸಿಂಗಲ್ ಪೋಲ್ ಹಾಕುತ್ತಾರೆ, ಫೇಸ್ ಮಾತ್ರ ಬದಲಾಗುತ್ತದೆ, ನ್ಯೂಟ್ರಲ್ ಲೈನ್ ಜೊತೆ ಸೇರಿಯೇ ಇರುತ್ತದೆ. ಆಗ ಟೆಸ್ಟರ್ ಉರಿಯುವುದಿಲ್ಲ, ಎಲ್ಲ ಸರಿ ಇದೆ ಅನಿಸುತ್ತದೆ. ಗಾಳಿಗೆ ನ್ಯೂಟ್ರಲ್ ತಂತಿ ಹರಿದು ನೆಲಕ್ಕೆ ಬಿದ್ದಿದ್ದರೆ? ನಿಮ್ಮ ಜನರೇಟರ್ ಆ ತಂತಿಗೆ ಕಟ್ಟಿಕೊಂಡೇ ಓಡುತ್ತಿರುತ್ತದೆ.


ಗಾಳಿಬೀಡು ತೋಟ:

ಇಬ್ಬರಿಗೂ ತುಂಬಾ ಧನ್ಯವಾದ. ಲೈನ್‌ಮನ್ ಅಣ್ಣ ಬರೆದದ್ದನ್ನು ಹಾಗೇ ಭಾವನಿಗೆ ಕಳಿಸಿದ್ದೇನೆ, ಓದಿ ಸುಮ್ಮನಾಗಿದ್ದಾರೆ. ಅವರ ಮನೆಯಲ್ಲಿ ಮೂರು ವರ್ಷದ ಮಗು ಇದೆ.

ಒಂದು ಗೊಂದಲ ಉಳಿದಿದೆ. ರಾತ್ರಿ ಕೂತು ಯೂಟ್ಯೂಬ್‌ನಲ್ಲಿ ನಾಲ್ಕೈದು ಅಮೆರಿಕದ ವಿಡಿಯೋ ನೋಡಿದೆ. ಅದರಲ್ಲಿ ದೊಡ್ಡ ಎಲೆಕ್ಟ್ರಿಷಿಯನ್‌ಗಳೇ ಜನರೇಟರ್‌ನ ನ್ಯೂಟ್ರಲ್-ಅರ್ತ್ ಕೊಂಡಿ ಬಿಚ್ಚಿ ತೆಗೆಯಿರಿ, ನ್ಯೂಟ್ರಲ್ ತೇಲಬೇಕು, ಕೋಡ್ ಹಾಗೇ ಹೇಳುತ್ತದೆ ಅಂತ ಹೇಳುತ್ತಾರೆ. ಇಲ್ಲಿ ಪೊನ್ನಂಪೇಟೆ ಅಣ್ಣ ಕೊಂಡಿ ಹಾಕಿ ಅನ್ನುತ್ತಾರೆ. ಎರಡೂ ಹೇಗೆ ಸರಿ ಇರಲು ಸಾಧ್ಯ?


ಕುಶಾಲನಗರ ಇಂಜಿನಿಯರ್:

ಎರಡೂ ಸರಿ, ಅವರವರ ಮನೆಗೆ. ಈ ಪ್ರಶ್ನೆ ನೀವು ಕೇಳಿದ್ದು ಒಳ್ಳೆಯದಾಯಿತು, ಆ ವಿಡಿಯೋ ನೋಡಿ ಇಲ್ಲಿ ವೈರಿಂಗ್ ಬದಲಿಸಿದವರು ಇದ್ದಾರೆ.

ಅಮೆರಿಕದಲ್ಲಿ ಮನೆಗೆ 120/240 ವೋಲ್ಟ್ ಬರುತ್ತದೆ, ಮತ್ತು ಮನೆಯ ಮೇನ್ ಪ್ಯಾನೆಲ್‌ನಲ್ಲೇ ನ್ಯೂಟ್ರಲ್ ಮತ್ತು ಅರ್ತ್ ಸೇರಿಸಿರುತ್ತಾರೆ. ಅಲ್ಲಿನ ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವ ಚೇಂಜ್‌ಓವರ್ ಎರಡು ಫೇಸ್‌ಗಳನ್ನು ಮಾತ್ರ ಬದಲಿಸುತ್ತದೆ, ನ್ಯೂಟ್ರಲ್ ಬದಲಾಗುವುದಿಲ್ಲ. ಹಾಗಾಗಿ ಜನರೇಟರ್ ನ್ಯೂಟ್ರಲ್‌ಗೆ ಪ್ಯಾನೆಲ್‌ನಲ್ಲಿರುವ ಕೊಂಡಿಯೇ ಸಿಗುತ್ತದೆ. ಜನರೇಟರ್‌ನಲ್ಲೂ ಇನ್ನೊಂದು ಇದ್ದರೆ ಎರಡು ಕೊಂಡಿ ಆಗಿ ನ್ಯೂಟ್ರಲ್ ಕರೆಂಟ್ ಅರ್ತ್ ತಂತಿಯಲ್ಲೂ ಹರಿಯುತ್ತದೆ. ಅದಕ್ಕೆ ಬಿಚ್ಚಿ ಅನ್ನುತ್ತಾರೆ. ನ್ಯೂಟ್ರಲ್ ಕೂಡ ಬದಲಾಗುವ ಸ್ವಿಚ್ ಹಾಕಿದರೆ ಅವರ ಕೋಡ್ ಕೂಡ ಜನರೇಟರನ್ನು ಬೇರೆಯೇ ಮೂಲ ಅಂತ ಎಣಿಸುತ್ತದೆ, ಅದಕ್ಕೆ ಅದರದೇ ಕೊಂಡಿ ಬೇಕು ಅನ್ನುತ್ತದೆ. ನೋಡಿ, ನಿಯಮ ಒಂದೇ: ಯಾವ ಮೂಲದಿಂದ ಓಡಿದರೂ ನ್ಯೂಟ್ರಲ್-ಅರ್ತ್ ಕೊಂಡಿ ಒಂದು ಇರಬೇಕು, ಒಂದೇ ಇರಬೇಕು.

ನಮ್ಮ ಹಳ್ಳಿಗಳಲ್ಲಿ ಆ ಒಂದು ಕೊಂಡಿ ಇರುವುದು ಟಿಸಿ ಹತ್ತಿರ. ಮನೆಗೆ ಫೇಸ್, ನ್ಯೂಟ್ರಲ್ ಎರಡೇ ಬರುತ್ತವೆ, ಅರ್ತ್ ನಮ್ಮದೇ ಗುಂಡಿ. ನೀವು 2 ಪೋಲ್ ಬದಲಿಸಿದ ಕೂಡಲೇ ಟಿಸಿಯ ಕೊಂಡಿ ನಿಮ್ಮ ಕೈ ಬಿಟ್ಟಿತು. ಆದ್ದರಿಂದ ಜನರೇಟರ್ ಕಡೆ ಒಂದು ಬೇಕು.

ಎಂಸಿಬಿ ಇದೆಯಲ್ಲ, ಆರ್‌ಸಿಸಿಬಿ ಯಾಕೆ ಅನ್ನುವವರಿಗೆ ಒಂದು ಲೆಕ್ಕ. ಸಿ ಟೈಪ್ 16 ಆಂಪ್ ಎಂಸಿಬಿ ತಟ್ಟನೆ ಬೀಳಬೇಕಾದರೆ 80ರಿಂದ 160 ಆಂಪ್ ಹರಿಯಬೇಕು. ನಿಮ್ಮ 3 ಕೆವಿಎ ಜನರೇಟರಿನ ಪೂರ್ತಿ ಶಕ್ತಿಯೇ 13 ಆಂಪ್. ಅದು ಎಷ್ಟು ಒದ್ದಾಡಿದರೂ ಆ ಎಂಸಿಬಿಯನ್ನು ತಟ್ಟನೆ ಬೀಳಿಸುವಷ್ಟು ಕರೆಂಟ್ ಕೊಡಲಾರದು. ಲೈನ್ ಕರೆಂಟಿನಲ್ಲೂ ಅಷ್ಟೇ: ಅರ್ತ್ ಗುಂಡಿ 5 ಓಮ್ ಇದ್ದರೆ 230 ಭಾಗಿಸು 5, ಅಂದರೆ 46 ಆಂಪ್, ಅದೂ ಸಾಲದು. ಆರ್‌ಸಿಸಿಬಿಗೆ 30 ಮಿಲಿ ಆಂಪ್ ಸಾಕು. ಬಾಡಿ ವೋಲ್ಟೇಜ್ 50ಕ್ಕಿಂತ ಮೇಲೆ ಹೋಗದೆ ಅದು ಬೀಳಬೇಕಾದರೆ ಅರ್ತ್ 1,666 ಓಮ್‌ವರೆಗೆ ಇದ್ದರೂ ಲೆಕ್ಕ ಸರಿಹೋಗುತ್ತದೆ. ಅದಕ್ಕೆ ಅಂತ ಗುಂಡಿ ಕೆಡಿಸಿಕೊಳ್ಳಬೇಡಿ. ಮಳೆಗಾಲದಲ್ಲಿ ನಮ್ಮ ಮಣ್ಣು ಒದ್ದೆ ಇರುವುದರಿಂದ ಅರ್ತ್ ಚೆನ್ನಾಗಿಯೇ ಕಾಣುತ್ತದೆ, ಫೆಬ್ರವರಿ-ಮಾರ್ಚ್‌ನಲ್ಲಿ ಅಳೆದರೆ ನಿಜ ಗೊತ್ತಾಗುತ್ತದೆ. 2.5 ಮೀಟರ್ ಉದ್ದದ ಜಿಐ ಪೈಪ್ ಪೂರ್ತಿ ಇಳಿದಿರಬೇಕು, ಬಂಡೆ ಸಿಕ್ಕಿತು ಅಂತ ಒಂದು ಮೀಟರ್‌ಗೆ ಕತ್ತರಿಸಿ ಹಾಕಿದ್ದನ್ನು ನಾನೇ ನೋಡಿದ್ದೇನೆ.

ಇನ್ನೊಂದು ಮುಖ್ಯ ಮಾತು. ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ಬಿದ್ದಿತು, ಆದ್ದರಿಂದ ಸರಿ ಇದೆ ಅಂತ ತಿಳಿಯಬೇಡಿ. ಆ ಬಟನ್ ಫೇಸ್‌ನಿಂದ ನ್ಯೂಟ್ರಲ್‌ಗೆ ಒಳಗೇ ಒಂದು ರೆಸಿಸ್ಟರ್ ಮೂಲಕ ಸ್ವಲ್ಪ ಕರೆಂಟ್ ಹರಿಸುತ್ತದೆ. ಅರ್ತ್ ತಂತಿಯೇ ಇಲ್ಲದಿದ್ದರೂ, ಜನರೇಟರ್‌ಗೆ ಕೊಂಡಿ ಇಲ್ಲದಿದ್ದರೂ ಬೀಳುತ್ತದೆ. ನಿಮ್ಮ ಹುಡುಗ ಬಲ್ಬ್ ಇಟ್ಟು ನೋಡಿದನಲ್ಲ, ಅದೇ ನಿಜವಾದ ಪರೀಕ್ಷೆ. ಕೆಲಸ ಗೊತ್ತಿರುವವರೇ ಮಾಡಬೇಕು.

ನಿಯಮ ಕೇಳಿದಿರಿ. ವೈರಿಂಗ್‌ಗೆ ಭಾರತೀಯ ಮಾನಕ ಐಎಸ್ 732, ಅರ್ತಿಂಗ್‌ಗೆ ಐಎಸ್ 3043, ಎಲ್ಲದಕ್ಕೂ ಮೇಲೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು. 2010ರಲ್ಲಿ ಬಂದಿದ್ದ ನಿಯಮಗಳ ಜಾಗಕ್ಕೆ 2023ರಲ್ಲಿ ಹೊಸದು ಬಂದಿದೆ. ಕೆಲಸ ಲೈಸೆನ್ಸ್ ಇರುವ ಗುತ್ತಿಗೆದಾರರಿಂದಲೇ ಆಗಬೇಕು. ಹುಡುಗ ಮಾಡಲಿ, ಆದರೆ ಅವನ ಮೇಲಿನವರು ಬಂದು ನೋಡಿ ಸಹಿ ಹಾಕಲಿ. ಕರೆಂಟ್ ಕಂಪನಿಯ ಸೆಕ್ಷನ್ ಆಫೀಸಿಗೂ ಜನರೇಟರ್ ಹಾಕಿದ್ದೇವೆ, ಚೇಂಜ್‌ಓವರ್ ಇದೆ ಅಂತ ಒಂದು ಪತ್ರ ಕೊಟ್ಟುಬಿಡಿ.


ಸಿದ್ದಾಪುರ ಪಲ್ಪರ್:

ಮನೆಯ ವಿಷಯ ಆಯಿತು. ಯಾರಾದರೂ ಪಲ್ಪರ್‌ಗೆ (ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರ) ತ್ರೀ ಫೇಸ್ ಜನರೇಟರ್ ಸೆಟ್ ಹಾಕುವವರಿದ್ದರೆ ಇದನ್ನೂ ಓದಿ. ನಮ್ಮದು 15 ಕೆವಿಎ ಡೀಸೆಲ್. 4 ಪೋಲ್ ಚೇಂಜ್‌ಓವರ್ ಬೇಕು, ಅದರಲ್ಲಿ ನ್ಯೂಟ್ರಲ್ ಮೊದಲು ಸೇರಿ ಕೊನೆಗೆ ಬಿಡುವಂಥದ್ದೇ ಇರಬೇಕು. ಇಲ್ಲದಿದ್ದರೆ ಒಂದು ಕ್ಷಣ ನ್ಯೂಟ್ರಲ್ ಇಲ್ಲದೆ 230ರ ಸಾಮಾನಿಗೆ 400ರ ಹತ್ತಿರ ಹೋಗಬಹುದು. ಸೆಟ್ಟಿನ ನ್ಯೂಟ್ರಲ್‌ಗೆ ಎರಡು ಬೇರೆ ಬೇರೆ ಅರ್ತ್, ಬಾಡಿಗೆ ಎರಡು ಬೇರೆ ಅರ್ತ್. ಇಷ್ಟು ದೊಡ್ಡದಕ್ಕೆ ವಿದ್ಯುತ್ ಪರಿವೀಕ್ಷಣಾಲಯದಲ್ಲಿ ಮೊದಲೇ ವಿಚಾರಿಸಿ, ಹಾಕಿದ ಮೇಲೆ ಓಡಾಡುವುದಕ್ಕಿಂತ ಅದು ಸುಲಭ.

ಮೊದಲ ವರ್ಷ ನಮಗೆ ಆದದ್ದು ಹೇಳುತ್ತೇನೆ. ಡಿಸೆಂಬರ್‌ನಲ್ಲಿ ಹಣ್ಣು ಗುಡ್ಡೆ ಬಿದ್ದಿತ್ತು, ಕರೆಂಟ್ ಹೋಯಿತು, ಸೆಟ್ ಹಾಕಿದೆವು, ಪಲ್ಪರ್ ಉಲ್ಟಾ ತಿರುಗಿತು. ಸೆಟ್ಟಿನ ಮೂರು ಫೇಸ್‌ಗಳ ಸರದಿ ಲೈನಿನ ಸರದಿಗೆ ಹೊಂದಿರಲಿಲ್ಲ. ಯಾವುದಾದರೂ ಎರಡು ಫೇಸ್ ಅದಲುಬದಲು ಮಾಡಿದರೆ ಸರಿಹೋಗುತ್ತದೆ, ಆದರೆ ಅದು ಸೆಟ್ ಕೂರಿಸುವ ದಿನವೇ ನೋಡಬೇಕಾದದ್ದು.

ಗಾಳಿಬೀಡು ಅವರೇ, ನಿಮ್ಮ 3 ಕೆವಿಎಯಲ್ಲಿ ತ್ರೀ ಫೇಸ್ ಮೋಟರ್ ಓಡಿಸುವ ಆಸೆ ಬೇಡ. ಇನ್ನೊಂದು, ಆ 3 ಕೆವಿಎ ನಿಮಗೆ ಪೂರ್ತಿ ಸಿಗುವುದಿಲ್ಲ. ಕಾರ್ಬ್ಯುರೇಟರ್ ಇಂಜಿನ್ ಪ್ರತಿ 300 ಮೀಟರ್ ಎತ್ತರಕ್ಕೆ ನೂರಕ್ಕೆ ಮೂರೂವರೆಯಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಮಡಿಕೇರಿ ಸುತ್ತಮುತ್ತ 1,100 ಮೀಟರ್ ಅಂತ ಹಿಡಿದರೆ ನೂರಕ್ಕೆ 13ರಷ್ಟು ಕಮ್ಮಿ. ಫ್ರಿಜ್ ಮೊದಲು ಎದ್ದು ನಿಲ್ಲಲಿ, ಆಮೇಲೆ ಪಂಪ್ ಹಾಕಿ. 1 ಎಚ್‌ಪಿ ಪಂಪ್ ಎದ್ದೇಳುವಾಗ ಮಾಮೂಲಿಗಿಂತ ನಾಲ್ಕೈದು ಪಟ್ಟು ಕರೆಂಟ್ ಎಳೆಯುತ್ತದೆ.


ಭಾಗಮಂಡಲ ಮಳೆಮನೆ:

ಎಲ್ಲರೂ ತಂತಿಯ ಬಗ್ಗೆಯೇ ಬರೆದಿದ್ದೀರಿ, ಅವರು ಜಗಲಿಯಲ್ಲಿ ಇಡುತ್ತೇನೆ ಅಂದದ್ದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಅಣ್ಣ, ಜಗಲಿಯಲ್ಲಿ ಇಡಬೇಡಿ.

ಎರಡು ವರ್ಷದ ಹಿಂದೆ ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ನಾವು ಹಾಗೇ ಇಟ್ಟಿದ್ದೆವು. ಹಿಂದಿನ ಜಗಲಿ ಮೂರು ಕಡೆ ಗೋಡೆ, ಒಂದು ಕಡೆ ಟಾರ್ಪಲ್ ಕಟ್ಟಿದ್ದೆವು. ಚಳಿ ಅಂತ ಕಿಟಕಿ ಎಲ್ಲ ಮುಚ್ಚಿತ್ತು. ಒಂದು ಗಂಟೆಯಲ್ಲಿ ಮಗಳು ತಲೆನೋವು ಅಂದಳು, ಅತ್ತೆಗೆ ವಾಂತಿ ಬಂತು, ನಾನು ಊಟದಲ್ಲಿ ಏನೋ ಹೆಚ್ಚುಕಮ್ಮಿ ಆಗಿರಬೇಕು ಅಂದುಕೊಂಡೆ. ನನ್ನ ಕಾಲಿಗೇ ಬಲ ಇಲ್ಲದ ಹಾಗೆ ಆದಾಗ ಹೊಳೆಯಿತು. ಬಾಗಿಲೆಲ್ಲ ತೆರೆದು ಎಲ್ಲರನ್ನೂ ಮಳೆಯಲ್ಲೇ ಹೊರಗೆ ಕರೆದುಕೊಂಡು ಬಂದೆ. ಮಲಗಿದ ಮೇಲೆ ಆಗಿದ್ದರೆ ಇವತ್ತು ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ. ಕಾರ್ಬನ್ ಮೋನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಪೆಟ್ರೋಲ್ ಹೊಗೆ ವಾಸನೆ ಬರುತ್ತಿಲ್ಲ ಅಂದರೆ ಅದು ಇಲ್ಲ ಅಂತ ಅರ್ಥ ಅಲ್ಲ.

ಕಿಟಕಿ ಬಾಗಿಲಿನಿಂದ ಕಡಿಮೆ ಅಂದರೂ 6 ಮೀಟರ್ ದೂರ ಇರಬೇಕು, ಹೊಗೆ ಕೊಳವೆ ಮನೆಯ ಕಡೆ ತಿರುಗಿರಬಾರದು. ನಾವು ಈಗ ಸೌದೆ ಕೊಟ್ಟಿಗೆಯ ಆಚೆ ನಾಲ್ಕು ಕಂಬ ನೆಟ್ಟು ಮೇಲೆ ಶೀಟ್ ಹಾಕಿಸಿದ್ದೇವೆ, ನಾಲ್ಕೂ ಕಡೆ ತೆರೆದೇ ಇದೆ. ನೆಲಕ್ಕೆ ಒಂದು ಅಡಿ ಕಟ್ಟೆ ಕಟ್ಟಿಸಿದ್ದು, ನೀರು ಹರಿದರೂ ತಾಗುವುದಿಲ್ಲ. ಗಾಳಿ ಮಳೆ ಬರುವ ದಿಕ್ಕಿಗೆ ಶೀಟ್ ಒಂದೂವರೆ ಅಡಿ ಜಾಸ್ತಿ ಇಳಿಸಿದೆವು. ಮನೆಯೊಳಗೆ ಮೋನಾಕ್ಸೈಡ್ ಅಲಾರಂ ಒಂದು ತಂದು ಮಲಗುವ ಕೋಣೆಯಲ್ಲಿ ಹಾಕಿದ್ದೇವೆ. ಪೆಟ್ರೋಲ್ ಹಾಕುವಾಗ ಇಂಜಿನ್ ನಿಲ್ಲಿಸಿ, ತಣ್ಣಗಾಗಲು ಬಿಡಿ. ಆ ಹದಿನೈದು ನಿಮಿಷ ಯುಪಿಎಸ್ ಇದೆಯಲ್ಲ.


ಗಾಳಿಬೀಡು ತೋಟ:

ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ ಗೊತ್ತಿಲ್ಲ. ಅಕ್ಕ, ನಿಮ್ಮ ಬರಹವನ್ನು ಮನೆಯವರಿಗೆಲ್ಲ ಜೋರಾಗಿ ಓದಿ ಹೇಳಿದೆ.

ಮೂರು ವಾರದಲ್ಲಿ ಆದದ್ದು ಬರೆಯುತ್ತೇನೆ, ಇದೇ ತೊಂದರೆ ಇರುವವರಿಗೆ ಉಪಯೋಗ ಆಗಲಿ. ಜನರೇಟರ್ ಈಗ ಮನೆಯಿಂದ 18 ಮೀಟರ್ ದೂರ, ಹಳೇ ಕೋಳಿಗೂಡಿನ ಪಕ್ಕ, ತೆರೆದ ಶೀಟಿನ ಕೆಳಗೆ. ಗೋಡೆಗೆ ಇನ್‌ಲೆಟ್ ಬಾಕ್ಸ್, ಅದರಲ್ಲಿ ನ್ಯೂಟ್ರಲ್-ಅರ್ತ್ ಕೊಂಡಿ, 4 ಸ್ಕ್ವೇರ್ 3 ಕೋರ್ ಕೇಬಲ್ ಪೈಪಿನೊಳಗೆ ನೆಲದಡಿ ಬಂದಿದೆ. ಮೊದಲು ಬೀಪ್ ಪರೀಕ್ಷೆ ಮಾಡಿದೆವು, ಜನರೇಟರ್ ಒಳಗೆ ಕೊಂಡಿ ಇರಲಿಲ್ಲ. ಹುಡುಗನ ಗುತ್ತಿಗೆದಾರರು ಮಡಿಕೇರಿಯಿಂದ ಬಂದು ನೋಡಿದರು. ಬಾಕ್ಸಿನ ಮುಚ್ಚಳದ ಒಳಗೆ "ನ್ಯೂಟ್ರಲ್ ಅರ್ತ್ ಇಲ್ಲಿ ಸೇರಿದೆ, ಬೇರೆ ಕಡೆ ಸೇರಿಸಬೇಡಿ" ಅಂತ ಪೇಂಟಿನಲ್ಲಿ ಬರೆಸಿದರು. ನಾಳೆ ಇನ್ನೊಬ್ಬ ಎಲೆಕ್ಟ್ರಿಷಿಯನ್ ಬಂದರೆ ಗೊತ್ತಾಗಬೇಕಲ್ಲ.

ಜನರೇಟರ್‌ನಲ್ಲಿ ಈಗ ಫೇಸ್‌ಗೂ ಅರ್ತ್‌ಗೂ 227, ನ್ಯೂಟ್ರಲ್‌ಗೂ ಅರ್ತ್‌ಗೂ ಒಂದು ವೋಲ್ಟ್ ಕೂಡ ಇಲ್ಲ. ಟೆಸ್ಟರ್ ಒಂದೇ ತೂತಿನಲ್ಲಿ ಉರಿಯುತ್ತದೆ. ಬಲ್ಬ್ ಇಟ್ಟ ಕ್ಷಣ ಆರ್‌ಸಿಸಿಬಿ ಟಪ್ ಅಂತ ಬಿತ್ತು. ಯುಪಿಎಸ್ ಲೈಟಿನ ನ್ಯೂಟ್ರಲ್ ನಿಜಕ್ಕೂ ಡಿಬಿಯಲ್ಲಿ ಕಲಸಿತ್ತು, ಅದನ್ನೂ ಬೇರೆ ಮಾಡಿಸಿದೆ. ಫ್ರಿಜ್ ಮತ್ತು ಲೈಟುಗಳ ಜೊತೆ ಅರ್ಧ ಎಚ್‌ಪಿ ಪಂಪ್ ಏಳುತ್ತದೆ, ಇಸ್ತ್ರಿ ಪೆಟ್ಟಿಗೆ ಸೇರಿಸಿದರೆ ಇಂಜಿನ್ ಒದ್ದಾಡುತ್ತದೆ.

ಭಾವ ಮೊನ್ನೆ ಆ ಎರಡು ಪ್ಲಗ್ಗಿನ ವೈರನ್ನು ತಂದು ನನ್ನ ಎದುರೇ ಕತ್ತರಿಸಿ, ಒಂದು ಪ್ಲಗ್ ನನಗೆ ಕೊಟ್ಟು ಹೋದರು. ಅವರ ಮನೆಗೆ ಚೇಂಜ್‌ಓವರ್ ಬರುವುದು ಬರುವ ಭಾನುವಾರ. ಅವರದು ಹಳೇ ಮನೆ, ಆರ್‌ಸಿಸಿಬಿ ಇಲ್ಲ, ಎರಡು ಕೋಣೆಗೆ ಅರ್ತ್ ತಂತಿಯೇ ಹೋಗಿಲ್ಲ. ಮೊದಲು ಅರ್ತ್ ಎಳೆಸಿ ಆಮೇಲೆ ಜನರೇಟರ್ ಕೆಲಸ ಮಾಡಿ ಅಂತ ಹೇಳಿದ್ದೇನೆ. ಪೊನ್ನಂಪೇಟೆ ಅಣ್ಣ, ನಿಮಗೆ ಆ ದಿನ ಬಿಡುವಿದ್ದರೆ ಒಮ್ಮೆ ಬಂದು ನೋಡಲು ಆಗುತ್ತದಾ?


ಪೊನ್ನಂಪೇಟೆ ವೈರಿಂಗ್:

ಬರುತ್ತೇನೆ ಅಣ್ಣ. ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಅಲ್ಲಿರುತ್ತೇನೆ. ಅರ್ತ್ ಗುಂಡಿಗೆ ಮೊದಲ ದಿನವೇ ನೆಲ ಅಗೆಸಿಡಿ, ಬಂಡೆ ಸಿಕ್ಕರೆ ಜಾಗ ಬದಲಿಸಬೇಕಾಗುತ್ತದೆ. ಲೈನ್ ಕರೆಂಟ್ ಇರುವಾಗಲೇ ಒಂದು ಸಲ, ಜನರೇಟರ್‌ನಲ್ಲಿ ಒಂದು ಸಲ ಬಲ್ಬ್ ಇಟ್ಟು ನೋಡಿಯೇ ನಾನು ಹೊರಡುವುದು.